ನುಡಿ ಕಡತದಿಂದ ಬ್ಲಾಗಿಗೆ: ಮೊದಲ ದಿನವೇ ಸರಿ ಮಾಡಿಕೊಳ್ಳಬೇಕಾದ್ದು

ಬ್ಲಾಗು ತೆರೆಯುವುದು ಹತ್ತು ನಿಮಿಷದ ಕೆಲಸ. ಬಣ್ಣ, ತಲೆಚಿತ್ರ, ಪಕ್ಕದ ಪಟ್ಟಿ ಇವನ್ನೆಲ್ಲ ಯಾವಾಗ ಬೇಕಾದರೂ ಬದಲಿಸಬಹುದು. ಹೊಸಬರು ವಾರಗಟ್ಟಲೆ ಕೂರುವುದು ಮಾತ್ರ ಅದರ ಮುಂದೆಯೇ. ಬರಹ ಪ್ರಕಟವಾದ ಮೇಲೆ ತಿದ್ದಲು ನಿಜಕ್ಕೂ ಕಷ್ಟವಾಗುವ ಸಂಗತಿಗಳು ನಾಲ್ಕು: ಬ್ಲಾಗು ಯಾರ ಖಾತೆಯಲ್ಲಿದೆ, ಅದರ ವಿಳಾಸ ಏನು, ಒಂದೊಂದು ಬರಹದ ಕೊಂಡಿ ಹೇಗಿದೆ, ಒಳಗಿನ ಅಕ್ಷರ ಯೂನಿಕೋಡಿನದೋ (ಎಲ್ಲ ಯಂತ್ರಗಳೂ ಗುರುತಿಸುವ ಅಕ್ಷರಸಂಕೇತ) ಅಲ್ಲವೋ. ಈ ನಾಲ್ಕನ್ನು ಮೊದಲ ದಿನ ಯಾರೂ ಕೇಳುವುದಿಲ್ಲ. ಆರು ತಿಂಗಳಾದ ಮೇಲೆ ಎಲ್ಲರೂ ಕೇಳುತ್ತಾರೆ.

ನಾವು ಈಚೆಗೆ ಕಟ್ಟಿಕೊಟ್ಟದ್ದು ಮಲೆನಾಡಿನ ಅಡಿಕೆ ಕೃಷಿಯ ಮೇಲಿನ ಅರವತ್ತು ಚಿಲ್ಲರೆ ಲೇಖನಗಳ ಬ್ಲಾಗು. ಅರ್ಧದಷ್ಟು ಲೇಖನ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ವರ್ಡ್ ಕಡತಗಳು, ಕೆಲವು ಪೇಪರ್ ಕಟಿಂಗ್, ಉಳಿದವು ಫೋನಿನಲ್ಲಿ ಬರೆದದ್ದು. ಕನ್ನಡದಲ್ಲಿ ಬ್ಲಾಗು ಶುರುಮಾಡುವ ಬಹುಪಾಲು ಜನರ ಕೈಯಲ್ಲಿ ಇರುವುದು ಇಂಥದೇ ಬೆರಕೆ ಸರಕು. ಆ ಕೆಲಸ ನಡೆದ ಕ್ರಮದಲ್ಲೇ ಇಲ್ಲಿ ಹೇಳುತ್ತೇವೆ.

ಬ್ಲಾಗರ್ ಬೇಕೋ ವರ್ಡ್‌ಪ್ರೆಸ್ ಬೇಕೋ ಎಂಬುದು ಮೊದಲ ಪ್ರಶ್ನೆ; ಎರಡೂ ಬ್ಲಾಗು ಕಟ್ಟುವ ಸಲಕರಣೆಗಳು. ಸ್ವಂತ ಹೋಸ್ಟಿಂಗ್ (ಬ್ಲಾಗನ್ನು ಇಡಲು ಬಾಡಿಗೆಯ ಜಾಗ) ತೆಗೆದುಕೊಂಡು ವರ್ಡ್‌ಪ್ರೆಸ್ ಹಾಕಿಕೊಂಡರೆ ಸ್ವಾತಂತ್ರ್ಯ ಹೆಚ್ಚು, ನಿಜ. ಆದರೆ ವರ್ಷವರ್ಷ ಬಾಡಿಗೆ ಕಟ್ಟಬೇಕು, ಹೆಚ್ಚಿನ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡುತ್ತಲೇ ಇರಬೇಕು. ಒಂದು ಹಳೆಯ ಪ್ಲಗಿನ್ ಮರೆತರೂ ಯಾರೋ ಒಳನುಗ್ಗಿ ಔಷಧಿ, ಜೂಜಿನ ಜಾಹೀರಾತು ತುಂಬಿಸಿ ಹೋಗುತ್ತಾರೆ. ಅದನ್ನು ನೋಡಿಕೊಳ್ಳುವ ಕೈ ಮನೆಯಲ್ಲಿಲ್ಲ ಎಂದಾದರೆ ಬ್ಲಾಗರ್ ಸಾಕು. 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈ ಸೇರಿದ ಸೇವೆ ಅದು; ಹೊಸ ಸೌಲಭ್ಯಗಳು ಅಪರೂಪ, ಬಾಡಿಗೆ ಇಲ್ಲ, ರಿಪೇರಿ ಇಲ್ಲ. ಅಡಿಕೆಯ ಬ್ಲಾಗಿಗೆ ನಾವು ಆರಿಸಿದ್ದು ಅದನ್ನೇ.

ಖಾತೆಯ ವಿಷಯದಲ್ಲಿ ಒಂದು ಹಟ ಇಟ್ಟುಕೊಂಡಿದ್ದೇವೆ. ಮಗನ ಜಿಮೇಲ್‌ನಲ್ಲೋ ಅಂಗಡಿಯವರ ಜಿಮೇಲ್‌ನಲ್ಲೋ ಬ್ಲಾಗು ತೆರೆಯಕೂಡದು. ಬರೆಯುವವರ ಹೆಸರಿನಲ್ಲೇ ಬೇರೆ ಖಾತೆ ಮಾಡಿ, ಅವರದೇ ಫೋನ್ ನಂಬರ್ ಕೊಟ್ಟು, ಎರಡು ಹಂತದ ಪರಿಶೀಲನೆ ಹಾಕಿ, ಗೂಗಲ್ ಕೊಡುವ 10 ಬ್ಯಾಕಪ್ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಮನೆಯ ದಾಖಲೆಗಳ ಜೊತೆ ಇಡಬೇಕು. ಆಮೇಲೆ ಸೆಟ್ಟಿಂಗ್ಸ್‌ನ ಪರ್ಮಿಷನ್ಸ್ ಭಾಗದಿಂದ ಮನೆಯ ಇನ್ನೊಬ್ಬರಿಗೆ ಆಹ್ವಾನ ಕಳಿಸಬೇಕು. ಅವರು ಒಪ್ಪಿಕೊಂಡಾಗ ಬರೀ ಲೇಖಕರಾಗಿ ಸೇರುತ್ತಾರೆ. ಅಲ್ಲಿಗೆ ಬಿಡದೆ ಅವರನ್ನು ಅಡ್ಮಿನ್ ಎಂದು ಬದಲಿಸಬೇಕು. ಈ ಕೊನೆಯ ಒತ್ತು ಬಿಟ್ಟುಹೋಗುವುದೇ ಹೆಚ್ಚು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಬರೆದವರು ಹಾಸಿಗೆ ಹಿಡಿದ ಕಾಲದಲ್ಲಿ ಬ್ಲಾಗನ್ನು ಉಳಿಸುವುದು ಆ ಎರಡನೆಯ ಅಡ್ಮಿನ್.

ವಿಳಾಸ ಆರಿಸಲು ನಮ್ಮದು ಒಂದೇ ಪರೀಕ್ಷೆ: ಫೋನಿನಲ್ಲಿ ಹೇಳಿದರೆ ಆ ಕಡೆಯವರು ಸರಿಯಾಗಿ ಬರೆದುಕೊಳ್ಳುತ್ತಾರೋ ಇಲ್ಲವೋ. ಉಚಿತ ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕಾದ್ದರಿಂದ ಕನ್ನಡದ ಹೆಸರುಗಳು ಇಲ್ಲಿ ತೊಡಕು ಕೊಡುತ್ತವೆ. ‘ತೋಟ’ಕ್ಕೆ ಬರೀ ಟಿ ಸಾಕೋ, ಟಿಯ ಪಕ್ಕ ಎಚ್ ಬೇಕೋ? ‘ಊರು’ ಎಂದರೆ ಎರಡು ಓ ಹಾಕುವುದೋ ಒಂದು ಯು ಹಾಕುವುದೋ? ದೀರ್ಘ, ಮಹಾಪ್ರಾಣ, ಳ, ಣ ಇರುವ ಪದ ಬಿಟ್ಟು ಒಂದೇ ಬಗೆಯಲ್ಲಿ ಬರೆಯಬಹುದಾದ ಚಿಕ್ಕ ಹೆಸರು ಹುಡುಕುವುದಕ್ಕೆ ಒಂದು ಸಂಜೆ ಹೋದರೂ ಪರವಾಗಿಲ್ಲ. ನಡುವೆ ಅಡ್ಡಗೆರೆಯೂ ಬೇಡ, ಅಂಕಿಯೂ ಬೇಡ.

ಬರೆಯುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡ ಮಾಡಿ, ಸಮಯವಲಯವನ್ನು ಭಾರತದ 5.30ಕ್ಕೆ ಇಡಬೇಕು. ಹೊಸ ಬ್ಲಾಗಿನಲ್ಲಿ ಇದು ಎಷ್ಟೋ ಸಲ ಅಮೆರಿಕದ ಪಶ್ಚಿಮ ಕರಾವಳಿಯ ಸಮಯಕ್ಕೆ ನಿಂತಿರುತ್ತದೆ. ಹಾಗೆ ಬಿಟ್ಟರೆ ಜೂನ್ 1ರ ಬೆಳಿಗ್ಗೆ ಹಾಕಿದ ಬರಹದ ಮೇಲೆ ಮೇ 31 ಎಂದು ಬೀಳುತ್ತದೆ. ಕೊಂಡಿಯಲ್ಲೂ ವರ್ಷ, ತಿಂಗಳು ಸೇರಿಕೊಳ್ಳುವುದರಿಂದ ಅಲ್ಲಿ ಕೂಡ 06ರ ಬದಲು 05 ಉಳಿದುಬಿಡುತ್ತದೆ.

ಇನ್ನು ನುಡಿ ಕಡತಗಳು. ಈ ಇಡೀ ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಇದೇ, ಹೆಚ್ಚು ಸಮಯ ಕೊಡಬೇಕಾದ್ದೂ ಇದಕ್ಕೇ.

ನುಡಿ, ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಕನ್ನಡವೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ಆಕಾರ ತೊಡಿಸಿರುತ್ತಾರೆ ಅಷ್ಟೆ. ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದವನ್ನು ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ: ಮೊದಲು ದೊಡ್ಡ ಪಿ, ಆಮೇಲೆ ತಲೆಯ ಮೇಲೆ ಓರೆಗೆರೆ ಇರುವ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಗೆರೆಯ ಎ, ದೊಡ್ಡ ಬಿ ಹೋಲುವ ಜರ್ಮನ್ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೆರೆಯ ಎ. ಏಳು ಅಕ್ಷರ, ಒಂದೂ ಕನ್ನಡದ್ದಲ್ಲ. ಬ್ಲಾಗಿಗೆ ಅಂಟಿಸಿದರೆ ಓದುಗರಿಗೆ ಕಾಣುವುದೂ ಇದೇ. ‘ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗೇ ಕಾಣುತ್ತದಲ್ಲ’ ಎನ್ನುವವರ ಕಂಪ್ಯೂಟರಿನಲ್ಲಿ ಆ ಫಾಂಟು ಇದೆ, ಅದಕ್ಕೆ ಕಾಣುತ್ತದೆ. ಯೂನಿಕೋಡಿನಲ್ಲಾದರೆ ಕನ್ನಡಕ್ಕೇ ಮೀಸಲಾದ 128 ಮನೆಗಳಿವೆ. ಆ ಮನೆಗಳ ಅಕ್ಷರವನ್ನು ಫೋನು, ಕಂಪ್ಯೂಟರು, ಹುಡುಕುಯಂತ್ರ ಎಲ್ಲವೂ ಕನ್ನಡವೆಂದೇ ಗುರುತಿಸುತ್ತವೆ.

ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಬೇಕಾದಷ್ಟಿವೆ. ನುಡಿ, ಬರಹ ತಂತ್ರಾಂಶಗಳ ಜೊತೆಗೇ ಬರುತ್ತವೆ, ಜಾಲದಲ್ಲೂ ಉಚಿತವಾಗಿ ಸಿಗುತ್ತವೆ. ಒಂದು ಲೇಖನ ಪರಿವರ್ತನೆಯಾಗಲು ಎರಡು ಸೆಕೆಂಡು ಸಾಕು. ಆದರೆ ಪರಿವರ್ತಿಸಿದ್ದನ್ನು ಓದದೆ ಪ್ರಕಟಿಸಬೇಡಿ. ಕೆಡುವ ಜಾಗಗಳು ಗೊತ್ತಿರುವಂಥವೇ, ಹಾಗಾಗಿ ಹುಡುಕಿ ತಿದ್ದಬಹುದು.

ಲೇಖನದ ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ನುಡಿ ಅಕ್ಷರ ಎಂದೇ ಎಣಿಸಿ ಅರ್ಥವಿಲ್ಲದ ಕನ್ನಡ ಮಾಡಿಡುತ್ತದೆ. ಫಾಂಟ್ ಯಾವುದು ಎಂಬ ಮಾಹಿತಿ ಅಂಟಿಸುವಾಗಲೇ ಕಳೆದುಹೋಗಿರುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ. ಔಷಧಗಳ ಹೆಸರು, ಮಣ್ಣಿನ ರಸಸಾರ ಹೇಳುವ ಪಿಎಚ್, ಇಮೇಲ್ ವಿಳಾಸ ಎಲ್ಲ ಹೀಗೆ ಹಾಳಾಗುತ್ತವೆ. ಪರಿವರ್ತಿಸುವ ಮೊದಲೇ ಮೂಲ ಕಡತದಲ್ಲಿ ಇಂಗ್ಲಿಷ್ ಪದಗಳನ್ನು ಗುರುತು ಮಾಡಿಟ್ಟುಕೊಂಡು, ಕೊನೆಗೆ ಕೈಯಿಂದ ಸೇರಿಸುವುದೇ ವಾಸಿ.

ಎರಡನೆಯದು ಸೊನ್ನೆ. ಕನ್ನಡದ ಅಂಕಿ ೦ ಮತ್ತು ಅನುಸ್ವಾರ ಕಣ್ಣಿಗೆ ಒಂದೇ. ‘ಸ೦ಪಾದಕ’ ಎಂಬುದರಲ್ಲಿ ಇರುವುದು ಸೊನ್ನೆ. ‘ಸಂಪಾದಕ’ ಎಂಬುದರಲ್ಲಿ ಇರುವುದು ಅನುಸ್ವಾರ. ಓದುವವರಿಗೆ ವ್ಯತ್ಯಾಸ ಗೊತ್ತಾಗದೆ ಹೋಗಬಹುದು, ಹುಡುಕುಯಂತ್ರಕ್ಕೆ ಮೊದಲನೆಯದು ಪದವೇ ಅಲ್ಲ. ಇಡೀ ಲೇಖನದಲ್ಲಿ ೦ ಹುಡುಕಿ, ಅಂಕಿಯಲ್ಲದ ಕಡೆಯೆಲ್ಲ ಅನುಸ್ವಾರ ಹಾಕಬೇಕು. ಒಟ್ಟಿಗೇ ಬದಲಿಸಲು ಹೋದರೆ ‘೧೦೦ ಲೀಟರ್’ ಎಂಬುದರ ಸೊನ್ನೆಗಳೂ ಅನುಸ್ವಾರವಾಗುತ್ತವೆ. ಒಂದೊಂದಾಗಿಯೇ ಮಾಡಬೇಕು.

ಮೂರನೆಯದು ಕಣ್ಣಿಗೆ ಕಾಣುವುದೇ ಇಲ್ಲ. ‘ಫೇಸ್‌ಬುಕ್’ ಎಂದು ಬರೆಯುವಾಗ ಸಕಾರ ಬಕಾರ ಕೂಡಿ ಒತ್ತಕ್ಷರ ಆಗದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಸಂಕೇತ ಕೂರುತ್ತದೆ. ಅದು ಅಲ್ಲಿ ಬೇಕು. ಇಲ್ಲದಿದ್ದರೆ ‘ಫೇಸ್ಬುಕ್’ ಆಗುತ್ತದೆ. ಕೆಲವು ಪರಿವರ್ತಕಗಳು ಮಾತ್ರ ಪ್ರತಿ ಅರ್ಧಾಕ್ಷರದ ಹಿಂದೆಯೂ, ಪದದ ಕೊನೆಯಲ್ಲೂ ಅದನ್ನು ಸೇರಿಸಿಬಿಡುತ್ತವೆ. ಇದರಿಂದ ಬರುವ ತಮಾಷೆಯಲ್ಲದ ತೊಂದರೆ ಬರಹಗಳನ್ನು ವಿಷಯವಾರು ಗುಂಪು ಮಾಡುವ ಲೇಬಲ್‌ಗಳಲ್ಲಿ ಕಾಣುತ್ತದೆ. ‘ಮಾರ್ಕೆಟ್’ ಎಂಬ ಒಂದೇ ಲೇಬಲ್ ಪಟ್ಟಿಯಲ್ಲಿ ಎರಡು ಸಲ ಬರುತ್ತದೆ, ಒಂದರಲ್ಲಿ ಏಳು ಬರಹ, ಇನ್ನೊಂದರಲ್ಲಿ ಮೂರು. ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣದು. ಪದದ ಕೊನೆಗೆ ಕರ್ಸರ್ ಇಟ್ಟು ಬಾಣದ ಕೀಲಿ ಒಮ್ಮೆ ಒತ್ತಿದಾಗ ಅದು ಸರಿಯದೆ ಅಲ್ಲೇ ನಿಂತರೆ, ಆ ಅದೃಶ್ಯ ಸಂಕೇತ ಅಲ್ಲಿದೆ ಎಂದು ತಿಳಿಯಬಹುದು. ಅಳಿಸಿ ಹೊಸದಾಗಿ ಟೈಪ್ ಮಾಡುವುದೇ ಪರಿಹಾರ. ನಾವೀಗ ಲೇಬಲ್‌ಗಳನ್ನು ಎಂದೂ ಅಂಟಿಸುವುದಿಲ್ಲ, ಪಟ್ಟಿಯಿಂದಲೇ ಆರಿಸುತ್ತೇವೆ. ಒಟ್ಟು ಲೇಬಲ್ ಎಂಟು ಹತ್ತಕ್ಕೆ ಮೀರದಂತೆ ನೋಡಿಕೊಳ್ಳುತ್ತೇವೆ.

ಪೇಪರ್ ಕಟಿಂಗ್‌ಗಳನ್ನು ಮರಳಿ ಟೈಪ್ ಮಾಡಬೇಕಿಲ್ಲ. ಫೋಟೊ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಇಡೀ ಪುಟ ಕೊಟ್ಟರೆ ಒಂದು ಕಾಲಮ್ಮಿನ ಸಾಲು ಪಕ್ಕದ ಕಾಲಮ್ಮಿಗೆ ಬೆರೆತು ಕಲಸುಮೇಲೋಗರವಾಗುತ್ತದೆ. ಒಂದೊಂದು ಕಾಲಮ್ಮನ್ನು ಬೇರೆ ಬೇರೆ ಕತ್ತರಿಸಿ, ನೇರ ಮಾಡಿ, ಹಗಲು ಬೆಳಕಿನಲ್ಲಿ ತೆಗೆದು ಕೊಡಬೇಕು. ಆಮೇಲೆ ಅಂಕಿಗಳನ್ನು ಇಬ್ಬರು ಕೂತು ನೋಡಬೇಕು: ಒಬ್ಬರು ಕಟಿಂಗ್ ನೋಡಿ ಓದುವುದು, ಇನ್ನೊಬ್ಬರು ತೆರೆಯ ಮೇಲೆ ಒಪ್ಪಿಸಿಕೊಳ್ಳುವುದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅದರಲ್ಲೊಂದು ಸೊನ್ನೆ ಬಿದ್ದುಹೋದರೆ ಓದಿದವರು ತುತ್ತ ಹತ್ತು ಪಟ್ಟು ಗಟ್ಟಿ ಮಾಡಿ ಅಡಿಕೆ ಗೊನೆಗೆ ಹೊಡೆಯುತ್ತಾರೆ. ಕೃಷಿ, ಔಷಧಿ, ಕಾನೂನು ಬರೆಯುವವರಿಗೆ ಇಲ್ಲಿ ಅವಸರ ಸಲ್ಲದು.

ಪತ್ರಿಕೆಯಲ್ಲಿ ಬಂದ ಲೇಖನ ಹಾಕುವಾಗ ಹಕ್ಕಿನ ಮಾತೂ ಇದೆ. ಹೊರಗಿನಿಂದ ಬರೆದು ಕಳಿಸಿದ ಲೇಖನದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆದವರದ್ದೇ. ಪತ್ರಿಕೆಯ ನೌಕರಿಯಲ್ಲಿದ್ದು ಬರೆದದ್ದಾದರೆ ಕೇಳಿಯೇ ಹಾಕಬೇಕು. ಬೇರೆಯವರ ಕವಿತೆಯನ್ನು ಇಡಿಯಾಗಿ ಹಾಕಿಕೊಳ್ಳುವ ರೂಢಿ ನಮ್ಮಲ್ಲಿ ಬಹಳ. 1957ರ ಕಾಯ್ದೆಯಂತೆ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಯವರ ಬರಹ ಈಗ ಮುಕ್ತ. 1981ರಲ್ಲಿ ತೀರಿಕೊಂಡ ಬೇಂದ್ರೆಯವರದು 2041 ಮುಗಿಯುವವರೆಗೂ ಅಲ್ಲ.

ಪಠ್ಯ ಸಿದ್ಧವಾದ ಮೇಲೆ ವರ್ಡ್‌ನಿಂದ ನೇರ ಅಂಟಿಸಬಾರದು. ಅದರ ಫಾಂಟು, ಗಾತ್ರ, ಸಾಲಿನ ಅಂತರ ಎಲ್ಲವೂ ಅದೃಶ್ಯವಾಗಿ ಜೊತೆಗೆ ಬಂದು, ಒಂದು ಬರಹ ದೊಡ್ಡಕ್ಷರ, ಇನ್ನೊಂದು ಸಣ್ಣಕ್ಷರ ಆಗುತ್ತದೆ. ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒತ್ತಿ ಅಂಟಿಸಿದರೆ ಬರೀ ಪಠ್ಯ ಬರುತ್ತದೆ. ಉಪಶೀರ್ಷಿಕೆ, ದಪ್ಪಕ್ಷರವನ್ನು ಆಮೇಲೆ ಹಾಕಿಕೊಳ್ಳಿ. ಓರೆ ಅಕ್ಷರ ಮಾತ್ರ ಬೇಡ. ಕನ್ನಡದ ಫಾಂಟುಗಳಲ್ಲಿ ಸಾಮಾನ್ಯವಾಗಿ ಓರೆ ರೂಪವೇ ಇರುವುದಿಲ್ಲ, ಬ್ರೌಸರು ದುಂಡಕ್ಷರವನ್ನು ಬಲವಂತವಾಗಿ ವಾಲಿಸುತ್ತದೆ, ಎರಡು ಸಾಲು ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ.

ಈಗ ಕೊಂಡಿ. ಬ್ಲಾಗರ್ ಶೀರ್ಷಿಕೆಯಲ್ಲಿನ ಇಂಗ್ಲಿಷ್ ಅಕ್ಷರ, ಅಂಕಿಗಳನ್ನು ತೆಗೆದುಕೊಂಡು ತಾನೇ ಕೊಂಡಿ ಮಾಡುತ್ತದೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದಕ್ಕೆ ಏನೂ ಸಿಗುವುದಿಲ್ಲ. ಆಗ ‘ಬ್ಲಾಗ್-ಪೋಸ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದಿನ ಬರಹಗಳಿಗೆ ಹಿಂದೊಂದು ಸಂಖ್ಯೆ ಸೇರಿಸುತ್ತ ಹೋಗುತ್ತದೆ. ಎಷ್ಟೋ ಕನ್ನಡ ಬ್ಲಾಗುಗಳಲ್ಲಿ ವರ್ಷಗಟ್ಟಲೆ ಬರೆದ ಎಲ್ಲ ಬರಹಗಳ ಕೊಂಡಿಯೂ ಹೀಗೇ ಇದೆ. ಯಾವುದು ಏನೆಂದು ಬರೆದವರಿಗೇ ಹೇಳಲಾಗದು. ಪ್ರಕಟಿಸುವ ಮೊದಲು ಬಲಗಡೆಯ ಪರ್ಮಾಲಿಂಕ್ ತೆರೆದು, ಕಸ್ಟಮ್ ಆರಿಸಿ, ಮೂರು ನಾಲ್ಕು ಪದದ ಕೊಂಡಿ ಕೊಡಬೇಕು. ‘ಅಡಿಕೆ-ಕೊಳೆರೋಗ-ಬೋರ್ಡೋ’ ಎಂಬುದನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಅಡ್ಡಗೆರೆ ಹಾಕಿ ಬರೆದರೆ ಆಯಿತು. ಇದರಿಂದ ಇನ್ನೊಂದು ಲಾಭವೂ ಉಂಟು. ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳದ ಜನ ‘ಕೊಳೆರೋಗ’ವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು ಹುಡುಕುತ್ತಾರೆ, ಆ ಪದ ಕೊಂಡಿಯಲ್ಲಿ ಇದ್ದಂತಾಗುತ್ತದೆ.

ವರ್ಡ್‌ಪ್ರೆಸ್ ಕನ್ನಡದಲ್ಲೇ ಕೊಂಡಿ ಮಾಡಿಕೊಡುತ್ತದೆ. ನೋಡಲು ಚೆಂದ, ಆದರೆ ಒಳಗಿನ ಲೆಕ್ಕ ಬೇರೆ. ಕನ್ನಡದ ಒಂದು ಅಕ್ಷರವೋ ಗುಣಿತದ ಚಿಹ್ನೆಯೋ ಕೊಂಡಿಯೊಳಗೆ ಶೇಕಡಾ ಗುರುತಿನ ಮೂರು ಜೋಡಿಯಾಗಿ 9 ಸ್ಥಾನ ತಿನ್ನುತ್ತದೆ, ಒಟ್ಟು ಮಿತಿ 200. ‘ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ’ ಎಂಬ ಶೀರ್ಷಿಕೆ ತೆಗೆದುಕೊಳ್ಳಿ. ಅಡಿಕೆಗೆ 5, ಕೊಳೆರೋಗಕ್ಕೆ ಎಂಬುದಕ್ಕೆ 11, ಬೋರ್ಡೋಗೆ 6, ಸೇರಿ 22 ಚಿಹ್ನೆ. ಒಂಬತ್ತರಿಂದ ಗುಣಿಸಿದರೆ 198. ನಡುವಿನ ಎರಡು ಅಡ್ಡಗೆರೆ ಸೇರಿದರೆ ಸರಿಯಾಗಿ 200. ‘ದ್ರಾವಣ’ಕ್ಕೆ ಜಾಗವೇ ಇಲ್ಲ, ಕತ್ತರಿಸಿ ಹೋಗುತ್ತದೆ. ಆ ಕೊಂಡಿಯನ್ನು ವಾಟ್ಸಾಪಿಗೆ ಅಂಟಿಸಿದಾಗ ಶೇಕಡಾ ಗುರುತುಗಳ ಉದ್ದನೆಯ ಸರಪಳಿ ಕಂಡು ಜನ ಏನೋ ಮೋಸದ ಲಿಂಕ್ ಎಂದು ಹೆದರುತ್ತಾರೆ. ಅಲ್ಲಿಯೂ ಇಂಗ್ಲಿಷ್ ಅಕ್ಷರದ ಚಿಕ್ಕ ಕೊಂಡಿಯನ್ನು ಕೈಯಿಂದ ಕೊಡುವುದೇ ಒಳ್ಳೆಯದು.

ಕೊಂಡಿ ತಪ್ಪಿ ಪ್ರಕಟವಾಗಿದ್ದರೆ ಬರಹವನ್ನು ಮತ್ತೆ ಡ್ರಾಫ್ಟ್ ಮಾಡಿ ಬದಲಿಸಬಹುದು. ಹಳೆಯ ಕೊಂಡಿ ಆಗ ಸಾಯುತ್ತದೆ. ಸೆಟ್ಟಿಂಗ್ಸ್‌ನ ಕಸ್ಟಮ್ ರೀಡೈರೆಕ್ಟ್‌ನಲ್ಲಿ ಹಳೆಯದನ್ನೂ ಹೊಸದನ್ನೂ ಬರೆದಿಟ್ಟರೆ ಹಂಚಿಹೋದ ಲಿಂಕುಗಳು ಉಳಿಯುತ್ತವೆ. ಹಳೆಯ ಲೇಖನಗಳಿಗೆ ಅವು ಮೊದಲು ಬಂದ ದಿನಾಂಕವನ್ನೇ ಕೊಡುವುದಾದರೆ ಅದನ್ನೂ ಪ್ರಕಟಿಸುವ ಮೊದಲೇ ಹಾಕಬೇಕು, ಕೊಂಡಿಯಲ್ಲಿನ ವರ್ಷ ತಿಂಗಳು ಅದರಂತೆ ಬರುತ್ತವೆ.

ಶೀರ್ಷಿಕೆಯಲ್ಲಿ ಜನ ಆಡುವ ಮಾತು ಇರಲಿ. ‘ಶಿಲೀಂಧ್ರನಾಶಕ ಸಿಂಪರಣೆ’ ಎಂದು ತೋಟದವರು ಯಾರೂ ಹುಡುಕುವುದಿಲ್ಲ. ‘ಕೊಳೆ ಔಷಧಿ’, ‘ಮದ್ದು ಹೊಡೆಯುವುದು’ ಎಂದು ಹುಡುಕುತ್ತಾರೆ. ಶಾಸ್ತ್ರೀಯ ಪದ ಬರಹದ ಒಳಗೆ ಒಮ್ಮೆ ಬಂದರೆ ಸಾಕು.

ರೂಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋನಿಗೆ ಹೊಂದಿಕೊಳ್ಳುವ ಸರಳ ಥೀಮ್ ಆರಿಸಿ. ಒಂದನ್ನು ಮಾತ್ರ ತಿದ್ದಲೇಬೇಕು, ಸಾಲುಗಳ ನಡುವಿನ ಅಂತರ. ಥೀಮುಗಳು ಇಂಗ್ಲಿಷಿಗೆಂದು ಮಾಡಿದವು, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕೆಂಬುದು ಅವಕ್ಕೆ ಗೊತ್ತಿಲ್ಲ. ‘ರಾಷ್ಟ್ರೀಯ’, ‘ಶಾಸ್ತ್ರ’ದಂಥ ಪದಗಳಲ್ಲಿ ಎರಡೆರಡು ಒತ್ತು ಇಳಿದು ಕೆಳಸಾಲಿನ ತಲೆಕಟ್ಟಿಗೆ ತಾಗುತ್ತವೆ; ಶೀರ್ಷಿಕೆಯಲ್ಲಂತೂ ಒತ್ತಿನ ಬಾಲ ಕತ್ತರಿಸಿಯೇ ಹೋಗುತ್ತದೆ. ಥೀಮಿನ ಕಸ್ಟಮೈಸ್ ಒಳಗೆ, ಪುಟದ ರೂಪ ಹೇಳುವ ಸಿಎಸ್‌ಎಸ್ ಸೇರಿಸುವ ಜಾಗದಲ್ಲಿ ಪಠ್ಯದ ಲೈನ್-ಹೈಟ್ 1.7, ಶೀರ್ಷಿಕೆಯದು 1.4, ಅಕ್ಷರದ ಗಾತ್ರ 18 ಪಿಕ್ಸೆಲ್ ಎಂದು ಕೊಟ್ಟರೆ ವಯಸ್ಸಾದವರೂ ಕನ್ನಡಕ ಸರಿಪಡಿಸಿಕೊಳ್ಳದೆ ಓದುತ್ತಾರೆ. ಫಾಂಟ್ ಬೇರೆ ಹಾಕದಿದ್ದರೂ ನಡೆಯುತ್ತದೆ. ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ ಕನ್ನಡ ತಾನಾಗಿ ಬರುತ್ತದೆ.

ಫೋಟೊಗಳನ್ನು ಅಗಲ 1600 ಪಿಕ್ಸೆಲ್‌ಗೆ ಇಳಿಸಿ, 300 ಕೆಬಿ ಒಳಗೆ ತಂದು ಹಾಕಿ. ತೋಟದ ತುದಿಯಲ್ಲಿ ಒಂದು ಕಡ್ಡಿ ನೆಟ್‌ವರ್ಕಿನಲ್ಲಿ ಓದುವವರಿಗೆ 5 ಎಂಬಿಯ ಫೋಟೊ ತೆರೆಯುವುದೇ ಇಲ್ಲ. ಫೋನಿನ ಫೋಟೊದಲ್ಲಿ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಅಡಗಿರಬಹುದು. ಮನೆ, ತೋಟದ ಚಿತ್ರ ಹಾಕುವವರು ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿಯೇ ತೆಗೆಯಬೇಕು.

ಸ್ವಂತ ಡೊಮೇನ್ (ಹಣ ಕೊಟ್ಟು ಪಡೆಯುವ ಸ್ವಂತ ಹೆಸರಿನ ವಿಳಾಸ) ಬೇಕಾದರೆ ಮೊದಲ ವರ್ಷದ ಬೆಲೆ ನೋಡಬೇಡಿ, ನವೀಕರಣದ ಬೆಲೆ ನೋಡಿ. ಜೋಡಿಸುವುದಕ್ಕೆ ಡೊಮೇನ್ ಮಾರಿದವರ ತಾಣದಲ್ಲಿ ಎರಡು ಸಿನೇಮ್ ದಾಖಲೆ (ವಿಳಾಸ ಎಲ್ಲಿಗೆ ಹೋಗಬೇಕೆಂದು ಹೇಳುವ ಸಾಲು) ಹಾಕಬೇಕು, ಅವನ್ನು ಬ್ಲಾಗರ್ ತೋರಿಸುತ್ತದೆ. ಹೊಸಬರು ಸೋಲುವುದು ಎರಡು ಕಡೆ. ಮೊದಲ ದಾಖಲೆಯ ಹೋಸ್ಟ್ ಎಂಬ ಖಾನೆಯಲ್ಲಿ ಪೂರ್ತಿ ವಿಳಾಸ ಬರೆಯುತ್ತಾರೆ. ಅಲ್ಲಿ ಬೇಕಾದ್ದು ಬರೀ ಮೂರು ಡಬ್ಲ್ಯು, ಉಳಿದದ್ದನ್ನು ಅದೇ ಸೇರಿಸಿಕೊಳ್ಳುತ್ತದೆ. ಡಬ್ಲ್ಯು ಇಲ್ಲದ ವಿಳಾಸಕ್ಕೆ 216.239.32.21, 216.239.34.21, 216.239.36.21, 216.239.38.21 ಎಂದು ನಾಲ್ಕು ಎ ದಾಖಲೆ (ವಿಳಾಸಕ್ಕೆ ಅಂಕಿಯ ರೂಪ ಕೊಡುವ ಸಾಲು) ಹಾಕುವಾಗ, ಡೊಮೇನ್ ಮಾರಿದವರು ಮೊದಲೇ ಹಾಕಿಟ್ಟ ಇನ್ನೊಂದು ಎ ದಾಖಲೆ ಅಳಿಸಲು ಮರೆಯುತ್ತಾರೆ. ಆಗ ಬ್ಲಾಗು ಒಮ್ಮೆ ತೆರೆಯುತ್ತದೆ, ಒಮ್ಮೆ ಅವರ ಜಾಹೀರಾತು ಪುಟ ತೆರೆಯುತ್ತದೆ. ಎಲ್ಲ ಸರಿಯಿದ್ದರೂ ಒಂದು ದಿನ ಕಾಯಬೇಕಾಗಬಹುದು. ಸುರಕ್ಷಿತ ಸಂಪರ್ಕಕ್ಕಾಗಿ ಎಚ್‌ಟಿಟಿಪಿಎಸ್ ಲಭ್ಯತೆ, ಅದರ ರೀಡೈರೆಕ್ಟ್ ಎರಡನ್ನೂ ಒತ್ತಿಡಿ.

ಗೂಗಲ್ ಹುಡುಕಾಟದಲ್ಲಿ ಬ್ಲಾಗು ಹೇಗೆ ಕಾಣುತ್ತದೆಂದು ತಿಳಿಸುವ ಸರ್ಚ್ ಕನ್ಸೋಲ್‌ಗೆ ಬ್ಲಾಗನ್ನು ಸೇರಿಸಿ ಸೈಟ್‌ಮ್ಯಾಪ್ (ಬರಹಗಳ ಕೊಂಡಿಗಳ ಪಟ್ಟಿ) ಕೊಟ್ಟ ಮೇಲೆ ಕೆಲವು ವಾರಕ್ಕೆ ‘ರೋಬೋಟ್ಸ್ ಕಡತ ತಡೆದಿದೆ’ ಎಂಬ ಸಾಲು ಕಂಡು ಗಾಬರಿಯಾಗುತ್ತಾರೆ. ಹುಡುಕುಯಂತ್ರ ಯಾವ ಪುಟ ನೋಡಬಾರದೆಂದು ಹೇಳುವ ಕಡತ ಅದು. ಲೇಬಲ್ ಪುಟಗಳನ್ನು ಬ್ಲಾಗರ್ ಬೇಕೆಂದೇ ತಡೆಯುತ್ತದೆ, ಬರಹಗಳನ್ನಲ್ಲ. ಫೋನಿನ ಕೊಂಡಿಯ ಕೊನೆಗೆ ಬರುವ ಪ್ರಶ್ನಾರ್ಥಕ, ಎಂ, 1 ಎಂಬ ಬಾಲದ ಬಗ್ಗೆ ಬರುವ ಎಚ್ಚರಿಕೆಯೂ ಅಷ್ಟೇ. ಹಂಚುವಾಗ ಆ ಬಾಲ ಅಳಿಸಿ ಹಂಚಿ.

ಓದುಗರ ಪ್ರತಿಕ್ರಿಯೆಯನ್ನು ಮುಚ್ಚಬೇಡಿ. 14 ದಿನಕ್ಕಿಂತ ಹಳೆಯ ಬರಹಗಳಿಗೆ ಮಾತ್ರ ಒಪ್ಪಿಗೆ ಬೇಕು ಎಂಬ ಆಯ್ಕೆ ಇಟ್ಟರೆ ಕಸ ಅಲ್ಲೇ ನಿಲ್ಲುತ್ತದೆ, ಹೊಸ ಬರಹಕ್ಕೆ ಬಂದ ಮಾತು ತಕ್ಷಣ ಕಾಣುತ್ತದೆ. ಯಾರಾದರೂ ತಪ್ಪು ತೋರಿಸಿದರೆ ಅದೇ ಬರಹದಲ್ಲಿ, ಅದೇ ಕೊಂಡಿಯಲ್ಲಿ ತಿದ್ದಿ, ಕೆಳಗೆ ತಿದ್ದಿದ ದಿನಾಂಕ ಹಾಕಿ. ಹೊಸ ಬರಹ ಮಾಡಿದರೆ ಹುಡುಕಿಬಂದವರ ಕೈಗೆ ಹಳೆಯ ತಪ್ಪೇ ಸಿಗುತ್ತಿರುತ್ತದೆ.

ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನಿಂದ ಬ್ಯಾಕಪ್ ಇಳಿಸಿಕೊಳ್ಳಿ, ಥೀಮ್ ಮುಟ್ಟುವ ಮೊದಲು ಅದರದ್ದೂ ಒಂದು ಪ್ರತಿ ತೆಗೆದಿಡಿ. ಇಳಿಸಿಕೊಂಡ ಕಡತದಲ್ಲಿ ಬರಹಗಳೂ ಪ್ರತಿಕ್ರಿಯೆಗಳೂ ಇರುತ್ತವೆ. ಫೋಟೊಗಳು ಇರುವುದಿಲ್ಲ, ಅವು ಇರುವ ಜಾಗದ ವಿಳಾಸ ಮಾತ್ರ ಇರುತ್ತದೆ. ಅಡಿಕೆಯ ಬ್ಲಾಗಿಗೆ ನಾವು ವರ್ಷಕ್ಕೊಂದು ಫೋಲ್ಡರ್ ಮಾಡಿ, ಬರಹದ ಕೊಂಡಿಯ ಹೆಸರನ್ನೇ ಫೋಟೊಗಳಿಗೂ ಇಟ್ಟು, ಮೂಲ ನುಡಿ ಕಡತಗಳ ಜೊತೆ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಆ ಮನೆಯವರ ಕೈಗೆ ಕೊಟ್ಟಿದ್ದೇವೆ.